ಮೊದಲು ತಾರೀಕು, ಆಮೇಲೆ ತೀರ್ಪು

ಕೋಲಾರದ ಟೊಮೆಟೊ ವ್ಯಾಪಾರಿ ಖರೀದಿ ಆ್ಯಪಿನಲ್ಲಿ ‘ಒಪ್ಪಿದೆ’ ಎಂದು ಒತ್ತಿರುತ್ತಾರೆ. ಬಾಕಿ ಹಣಕ್ಕೆ ಇಲ್ಲಿನ ಕೋರ್ಟಿನಲ್ಲಿ ದಾವೆ ಹಾಕಿದರೆ, ಅದನ್ನು ಆರ್ಬಿಟ್ರೇಷನ್‌ಗೆ (ಕೋರ್ಟಿನ ಹೊರಗೆ ಆರ್ಬಿಟ್ರೇಟರ್ ತೀರ್ಪು ಕೊಡುವ ಕ್ರಮ) ಕಳಿಸಿ ಎಂದು ಕಂಪನಿ ಸೆಕ್ಷನ್ 8ರ ಅರ್ಜಿ ಹಿಡಿದು ಬರುತ್ತದೆ: ಷರತ್ತಿನಲ್ಲಿ ಆರ್ಬಿಟ್ರೇಷನ್ ಇದೆ, ಸೀಟ್ (ಅದರ ಕಾನೂನಿನ ನೆಲೆ) ಬೆಂಗಳೂರು. ಇಂಥ ಕಡತಕ್ಕೆ ಕಾನೂನು ಹುಡುಕುವಾಗ ನಾನು ಅನುಸರಿಸುವ ಕ್ರಮ ಇದು. ದುಡ್ಡು ಕೊಟ್ಟು ಕೊಳ್ಳುವ ಡೇಟಾಬೇಸ್ ಯಾವುದೂ ಬೇಕಿಲ್ಲ. (ಆರ್ಬಿಟ್ರೇಷನ್ ಎಂದೇ ಬರೆಯುತ್ತಿದ್ದೇನೆ, ನಮ್ಮ ಕೋರ್ಟುಗಳಲ್ಲಿ ಮಧ್ಯಸ್ಥಿಕೆ ಎಂದರೆ ಮೀಡಿಯೇಷನ್ ಎಂದೇ ತಿಳಿಯುತ್ತಾರೆ.)

ಕಾನೂನಿಗೆ ಮೊದಲು ಸಾಕ್ಷ್ಯ. ಆ್ಯಪಿನ ಷರತ್ತು ಬದಲಾಗುತ್ತಲೇ ಇರುತ್ತದೆ, ಒಪ್ಪಿಗೆ ಒತ್ತಿದ ದಿನ ಏನಿತ್ತು ಎಂಬುದೇ ಪ್ರಶ್ನೆ. ಷರತ್ತಿನ ವೆಬ್ ಪುಟದ ಹಳೆಯ ರೂಪ ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕರೆ ಅದೃಷ್ಟ. ವಾಟ್ಸ್ಆ್ಯಪ್ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿದ ಕೂಡಲೇ, ಫೈಲ್ ತೆರೆದು ತಿದ್ದುವ ಮೊದಲೇ, ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆಯುತ್ತೇನೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಆಜ್ಞೆ ಸಾಕು, ಎಸ್‌ಎಚ್‌ಎ256 ಆದರೆ 64 ಅಕ್ಷರ ಬರುತ್ತದೆ. ಒಂದು ಸ್ಪೇಸ್ ಸೇರಿದರೂ ಅದು ಬೇರೆಯಾಗುತ್ತದೆ. ಫೋಟೊವನ್ನು ಕಕ್ಷಿದಾರರು ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿಯೇ ಕಳಿಸಿದರೆ ಕುಗ್ಗಿ ಬರುತ್ತದೆ, ಮೂಲದ ಹ್ಯಾಷ್ ಹೊಂದುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದ ನಮೂನೆ ಈ ಹ್ಯಾಷನ್ನು ಕೇಳುತ್ತದೆ. ಅದರಲ್ಲಿ ಎರಡು ಭಾಗ: ಎ ಕಕ್ಷಿದಾರರದು, ಬಿ ತಜ್ಞರದು. 1-7-2024ಕ್ಕೆ ಮುಂಚಿನ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನೇ ನಕಲು ಮಾಡಿದರೆ ಬಿ ಭಾಗ ತಪ್ಪಿಹೋಗುತ್ತದೆ.

ಆಮೇಲೆ ಇಂಡಿಯಾ ಕೋಡ್‌ನಲ್ಲಿ 1996ರ ಆರ್ಬಿಟ್ರೇಷನ್ ಕಾಯ್ದೆ. ಎಲೆಕ್ಟ್ರಾನಿಕ್ ಸಂವಹನದಲ್ಲಿ ಒಪ್ಪಂದ ಆಗಬಹುದೆಂಬ ಮಾತು ಸೆಕ್ಷನ್ 7(4)(ಬಿ)ಗೆ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಅನ್ನೂ ಜೊತೆಗೆ ಓದಬೇಕು. ಯಾವ ತಿದ್ದುಪಡಿ ಅನ್ವಯ ಎಂದು ಹೇಳುವುದು ಆರ್ಬಿಟ್ರೇಷನ್ ಪ್ರಕ್ರಿಯೆ ಶುರುವಾದ ದಿನ. ಸೆಕ್ಷನ್ 21ರಂತೆ ಅದು ಎದುರಾಳಿಗೆ ನೋಟಿಸ್ ತಲುಪಿದ ದಿನ, ಕಳಿಸಿದ ದಿನ ಲೆಕ್ಕಕ್ಕಿಲ್ಲ. ಹೀಗಾಗಿ ಅಂಚೆಯ ಡೆಲಿವರಿ ವರದಿ ಕಡತದ ಮೊದಲ ಹಾಳೆ. ಅಚ್ಚಾದ ಕಾಯ್ದೆ ಪುಸ್ತಕವನ್ನು ಪೂರ್ತಿ ನಂಬುವಂತಿಲ್ಲ. ಆರ್ಬಿಟ್ರೇಟರ್ ನೇಮಿಸುವಾಗ ಕೋರ್ಟು ಒಪ್ಪಂದ ಇದೆಯೇ ಎಂದಷ್ಟೇ ನೋಡಬೇಕೆನ್ನುವ ಸೆಕ್ಷನ್ 11(6ಎ) ಅನ್ನು 2019ರ ತಿದ್ದುಪಡಿ ತೆಗೆದಿದೆ, ಆದರೆ 30-8-2019ರ ಅಧಿಸೂಚನೆಯಲ್ಲಿ ಆ ಭಾಗ ಜಾರಿಗೆ ಬರಲಿಲ್ಲ. ಅಡಿಟಿಪ್ಪಣಿ ಓದದವರು ಇಲ್ಲಿ ಎಡವುತ್ತಾರೆ.

ತೀರ್ಪುಗಳಿಗೆ ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳ ತಾಣ ಇ-ಎಸ್‌ಸಿಆರ್, ಹೈಕೋರ್ಟಿಗೆ ಇ-ಕೋರ್ಟ್ಸ್‌ನ ತೀರ್ಪು ಹುಡುಕಾಟ, ಎರಡೂ ಪುಕ್ಕಟೆ. ಇಂಡಿಯನ್ ಕಾನೂನ್‌ನಲ್ಲಿ ‘ಇದನ್ನು ಉಲ್ಲೇಖಿಸಿದ ತೀರ್ಪುಗಳು’ ನೋಡಿ, ಈಚಿನದರಿಂದ ಹಿಂದಕ್ಕೆ ಓದುತ್ತೇನೆ. ಸ್ಟಾಂಪ್ ವಿಷಯವಂತೂ ದೊಡ್ಡ ಗುಂಡಿ. ಸ್ಟಾಂಪ್ ಹಾಕದ ಒಪ್ಪಂದದೊಳಗಿನ ಆರ್ಬಿಟ್ರೇಷನ್ ಷರತ್ತು ನಿಲ್ಲದೆಂದು 25-4-2023ರಂದು ಸುಪ್ರೀಂ ಕೋರ್ಟಿನ ಐವರ ಪೀಠ 3:2ರಲ್ಲಿ ಹೇಳಿತು. 13-12-2023ರಂದು ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು (2023 ಐಎನ್‌ಎಸ್‌ಸಿ 1066). ನಡುವಿನ ಏಳೆಂಟು ತಿಂಗಳ ತೀರ್ಪುಗಳನ್ನು ಈಗಲೂ ಅರ್ಜಿಗಳಲ್ಲಿ ಅಂಟಿಸುವವರಿದ್ದಾರೆ! ಕರ್ನಾಟಕ ಸ್ಟಾಂಪ್ ಕಾಯ್ದೆಯ ಕೊರತೆ ಶುಲ್ಕ, ದಂಡ ಅದರಿಂದ ತಪ್ಪಿಲ್ಲ.

ಸೀಟ್ ಬೆಂಗಳೂರು ಎಂದಿದ್ದರೆ 2017ರ ಇಂಡಸ್ ಮೊಬೈಲ್, 2019ರ ಬಿಜಿಎಸ್ ಎಸ್‌ಜಿಎಸ್ ಸೋಮ ಓದಿ. ಅವಾರ್ಡ್ (ಆರ್ಬಿಟ್ರೇಟರ್ ಕೊಟ್ಟ ತೀರ್ಪು) ಪ್ರಶ್ನಿಸಲು ಕೋಲಾರ ಕೋರ್ಟಿಗೆ ಬರುವ ಆಸೆ ಬಿಡಬೇಕಾಗುತ್ತದೆ. ಕಕ್ಷಿದಾರರು ಸ್ವಂತ ಜೀವನೋಪಾಯಕ್ಕೆ ತೇವಾಂಶ ಸೆನ್ಸರ್ ಕೊಂಡ ರೈತರಾದರೆ ದಾರಿ ಬೇರೆ: 2018ರ ಎಮಾರ್ ಎಂಜಿಎಫ್ ತೀರ್ಪಿನಂತೆ ಆರ್ಬಿಟ್ರೇಷನ್ ಷರತ್ತು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಎಐ ಸಾಧನವನ್ನು ಹುಡುಕುಪದ ಕೇಳಲು ಮಾತ್ರ ಬಳಸುತ್ತೇನೆ. 2023ರಲ್ಲಿ ನ್ಯೂಯಾರ್ಕ್‌ನ ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಎಐ ತಾನಾಗಿ ಕೊಟ್ಟ ಸೈಟೇಷನ್ (ತೀರ್ಪಿನ ಉಲ್ಲೇಖ ಸಂಖ್ಯೆ) ಇದ್ದರೆ ಅದನ್ನು ಇ-ಎಸ್‌ಸಿಆರ್‌ನಲ್ಲಿ ತೆರೆದು, ಪ್ಯಾರಾ ಸಂಖ್ಯೆ ತಾಳೆಯಾದ ಮೇಲೆಯೇ ಟೈಪಿಂಗ್‌ಗೆ ಹೋಗುತ್ತದೆ.