ಟೆರೇಸ್ ಮೇಲೆ ನಿಂತು ಉಪಗ್ರಹಕ್ಕೆ ಬೆರಳು ತೋರಿಸೋದು ಹೇಗೆ

ಮಕ್ಕಳೇ, ಹದಿನೆಂಟು ವರ್ಷದಿಂದ ಬೆಂಗಳೂರಿನ ಮನೆಗಳ ಮೇಲೆ ಡಿಶ್ ಕೂರಿಸೋ ಕೆಲಸ ನನ್ನದು. ನಾನಿರೋದು ಪೀಣ್ಯದಲ್ಲಿ. 1975ರಲ್ಲಿ ಹಾರಿದ ನಮ್ಮ ದೇಶದ ಮೊದಲ ಉಪಗ್ರಹ, 360 ಕಿಲೋ ತೂಕದ ಆರ್ಯಭಟ, ತಯಾರಾಗಿದ್ದು ಇಲ್ಲಿನ ಶೆಡ್‌ಗಳಲ್ಲೇ. ಅದಕ್ಕೇ ಯಾರ ಮನೆಗೆ ಹೋದರೂ ಅಲ್ಲಿನ ಮಕ್ಕಳಿಗೆ ಇದನ್ನ ಹೇಳಿಕೊಡದೆ ಬರೋಕೆ ನನಗೆ ಮನಸ್ಸಾಗಲ್ಲ.

ಒಂದು ಸುಲಿದ ತೆಂಗಿನಕಾಯಿ ತಗೊಳ್ಳಿ. ಅಡ್ಡಳತೆ 12 ಸೆಂಟಿಮೀಟರ್ ಇರಲಿ. ಅದೇ ಭೂಮಿ. ಟಿವಿ ಉಪಗ್ರಹ ಇರೋದು ಸುಮಾರು 36,000 ಕಿಲೋಮೀಟರ್ ಮೇಲೆ, ಅಂದರೆ ಕಾಯಿಯಿಂದ ಒಂದೂವರೆ ಗೇಣು ದೂರ. ಆಟೋ ಎಲ್ಲಿದೆ ಅಂತ ಅಮ್ಮನ ಫೋನಿಗೆ ತಿಳಿಸೋ ಜಿಪಿಎಸ್ ಉಪಗ್ರಹಗಳು ಒಂದು ಗೇಣಿಗೂ ಸ್ವಲ್ಪ ಕಮ್ಮಿ ದೂರದಲ್ಲಿ ಸುತ್ತುತ್ತವೆ. ಜಾಗ ಸರಿಯಾಗಿ ಗೊತ್ತಾಗೋಕೆ ಕನಿಷ್ಠ ನಾಲ್ಕರ ಸಿಗ್ನಲ್ ಬೇಕು. ಗಗನಯಾತ್ರಿಗಳಿರೋ ಅಂತರರಾಷ್ಟ್ರೀಯ ನಿಲ್ದಾಣ? ಕಾಯಿಯಿಂದ ಬರೀ 4 ಮಿಲಿಮೀಟರ್!

ಈಗ ದೊಡ್ಡವರೊಬ್ಬರ ಜೊತೆ ಟೆರೇಸಿಗೆ ಹೋಗಿ, ಸುತ್ತಲಿನ ಡಿಶ್‌ಗಳನ್ನ ನೋಡಿ. ಒಂದೂ ಉತ್ತರಕ್ಕೆ ತಿರುಗಿರಲ್ಲ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲಿವೆ, ಆ ರೇಖೆ ನಮಗೆ ದಕ್ಷಿಣಕ್ಕಿದೆ. ಅವು ನಿಂತ ಹಾಗೆ ಕಾಣೋದು ಯಾಕೆ ಅಂತ ಕೇಳ್ತೀರಾ? ಒಬ್ಬರು ಮಧ್ಯೆ ನಿಂತು ಕೈ ಚಾಚಿ ಮೆಲ್ಲಗೆ ತಿರುಗಿ. ಇನ್ನೊಬ್ಬರು ದೂರದಲ್ಲಿ, ಆ ಬೆರಳಿನ ನೇರಕ್ಕೇ ಇರೋ ಹಾಗೆ ಸುತ್ತ ನಡೀರಿ. ಮಧ್ಯದವರಿಗೆ ಎದುರಿನವರು ಅಲ್ಲೇ ಇದ್ದ ಹಾಗೆ ಕಾಣುತ್ತೆ, ಆದರೆ ಹೊರಗಿನವರಿಗೆ ಎಷ್ಟು ನಡಿಗೆ! ಉಪಗ್ರಹವೂ ಭೂಮಿಯ ಜೊತೆ ದಿನಕ್ಕೊಂದು ಸುತ್ತು ಹಾಕುತ್ತೆ. ಅಲ್ಪಸ್ವಲ್ಪ ಸರಿದರೆ ಹಾಸನದ ನಿಯಂತ್ರಣ ಕೇಂದ್ರದವರು ಜಾಗಕ್ಕೆ ತರ್ತಾರೆ.

ಡಿಶ್ ಮುಖ ಮಾಡಿದ ಕಡೆಗೇ ಬೆರಳು ತೋರಿಸಬೇಡಿ, ಹೊಸದಾಗಿ ಕೆಲಸ ಕಲಿಯೋ ಹುಡುಗರೂ ಇಲ್ಲೇ ತಪ್ಪೋದು. ಕೆಳಗಿನ ಅಂಚಿನಿಂದ ಒಂದು ತೋಳು ಹೊರಟು ಅದರ ತುದೀಲಿ ಸಿಗ್ನಲ್ ಹಿಡಿಯೋ ಪುಟ್ಟ ಡಬ್ಬಿ, ಅಂದರೆ ಎಲ್‌ಎನ್‌ಬಿ ಇದೆ, ನೋಡಿ. ಮೇಲಿಂದ ಬಂದ ಸಿಗ್ನಲ್ ತಟ್ಟೆಗೆ ಬಡಿದು, ಕೆಳಮುಖವಾಗಿ ಅಲ್ಲಿಗೆ ಸೇರುತ್ತೆ. ಹಾಗಾಗಿ ಉಪಗ್ರಹ ಇರೋದು ಡಿಶ್ ನೋಡೋದಕ್ಕಿಂತ ತುಂಬಾ ಮೇಲೆ. 83 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಮ್ಮ ಉಪಗ್ರಹಗಳಿವೆ. ಅವನ್ನ ತೋರಿಸೋಕೆ ನೆತ್ತಿಯ ನೇರಕ್ಕೆ ಬೆರಳೆತ್ತಿ, ಅಲ್ಲಿಂದ ದಕ್ಷಿಣಕ್ಕೆ, ಚೂರು ಪೂರ್ವಕ್ಕೆ ವಾಲಿಸಿ, ಒಂದೂವರೆ ಮುಷ್ಟಿಯಷ್ಟು ಇಳಿಸಿ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ.

ಜೋರು ಮಳೆ ಬಂದರೆ ಚಿತ್ರ ಚೂರುಚೂರಾಗುತ್ತೆ, ಹನಿಗಳು ಸಿಗ್ನಲ್ ಹೀರಿಕೊಳ್ಳುತ್ತವೆ. ಆಗ ಟೆರೇಸಿಗೆ ಓಡಬೇಡಿ. ಆ ಮೋಡಗಳ ಫೋಟೋ ತೆಗೆಯೋದೂ ಅಷ್ಟೇ ಎತ್ತರದ ಇನ್ಸಾಟ್ ಉಪಗ್ರಹವೇ.

ಆದರೆ ಮಾರ್ಚ್ ನಡುವೆ, ಸೆಪ್ಟೆಂಬರ್ ಕೊನೇಲಿ, ಮೋಡವೇ ಇಲ್ಲದ ಹಗಲಲ್ಲೂ ಕೆಲವು ನಿಮಿಷ ಚಿತ್ರ ಕೈಕೊಡಬಹುದು. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರ್ತಾನೆ, ಅವನಿಂದ ಬರೋ ರೇಡಿಯೋ ಅಲೆಗಳ ಗದ್ದಲ ಡಿಶ್ ತುಂಬಿಬಿಡುತ್ತೆ. ಆಗ ಟೆರೇಸಿಗೆ ಬನ್ನಿ. ಸೂರ್ಯನನ್ನ ಮಾತ್ರ ನೋಡಲೇಬೇಡಿ, ನಿಮ್ಮ ನೆರಳು ನೋಡಿ. ನೆರಳಿನ ತಲೆಯಿಂದ ನಿಮ್ಮ ತಲೆಗೆ ಒಂದು ಗೆರೆ ಎಳೆದು ಹಾಗೇ ಮೇಲಕ್ಕೆ ಬಿಟ್ಟರೆ, ಅದು ಹೋಗಿ ಮುಟ್ಟೋದು ಆ ಉಪಗ್ರಹಕ್ಕೇ.