ವೈರ್‌ಲೆಸ್ ಚಾರ್ಜರ್ ತಗೊಳ್ಳೂ ಮುಂಚೆ ಇಷ್ಟು ನೋಡ್ಕೊಳ್ರಿ

ಮೊದಲ ನಿಮ್ಮ ಫೋನಿಗೆ ವೈರ್‌ಲೆಸ್ ಚಾರ್ಜಿಂಗ್ ಐತೋ ಇಲ್ಲೋ ಚೆಕ್ ಮಾಡ್ರಿ, ಸ್ಪೆಸಿಫಿಕೇಶನ್‌ದಾಗ ಕ್ಯೂ-ಐ (Qi) ಅಂತ ಬರದಿರ್ತೈತಿ, ಅದು ವೈರ್‌ಲೆಸ್ ಚಾರ್ಜಿಂಗ್ ಪದ್ಧತಿ ಹೆಸರು, ಅದನ್ನ ಚೀ ಅಂತ ಓದ್ತಾರ. ಐಫೋನಿಗೆ 2017ರಾಗ ಬಂದ ಐಫೋನ್ 8ರಿಂದ ಶುರುವಾತು, ಕಡಿಮಿ ರೇಟಿನ ಬಹಳಷ್ಟು ಆಂಡ್ರಾಯ್ಡ್ ಫೋನಿಗೆ ಇರೂದಿಲ್ಲ.

ನನಗ ಇದು ಸೇರೂದು ಒಂದ ಕಾರಣಕ್ಕ, ನಮ್ಮ ವಿಜಯಪುರದ ಧೂಳಾ ಚಾರ್ಜಿಂಗ್ ಪೋರ್ಟಿನ್ಯಾಗ ಕುಂತು ಪಿನ್ ಲೂಸ್ ಆಗ್ತೈತಲ್ರಿ, ಆ ತ್ರಾಸ ಇಲ್ಲ, ಪ್ಯಾಡ್ ಮ್ಯಾಲ ಇಟ್ರ ಮುಗೀತು.

ಆದ್ರ ಬಿಸಿ ನೋಡ್ರಿ, ಅದ ದೊಡ್ಡ ಸಮಸ್ಯೆ. ಪ್ಯಾಡಿನ ಸುರುಳಿಯಿಂದ ಫೋನಿನ ಸುರುಳಿಗೆ ಕರೆಂಟ್ ಹೋಗೂವಾಗ ಒಂದಿಷ್ಟು ಶಾಖ ಆಗಿ ಹಾಳಾಗ್ತೈತಿ, ಎಪ್ರಿಲ್ ಮೇದಾಗ ಇಲ್ಲಿ 40 ಡಿಗ್ರಿ ದಾಟಿರ್ತೈತಿ, ಅದರ ಮ್ಯಾಲ ಇದೂ ಬಿಸಿ ಅಂದ್ರ ಬ್ಯಾಟರಿ ಆಯುಷ್ಯ ಕಡಿಮಿ ಆಗ್ತೈತಿ. ಅದಕ್ಕ ಬ್ಯಾಸಗ್ಯಾಗ ಮಧ್ಯಾಹ್ನ ಹಚ್ಚಬ್ಯಾಡ್ರಿ, ಮುಂಜಾನೆ ತಂಪಿನ್ಯಾಗ ಟೇಬಲ್ ಮ್ಯಾಲ ಇಡ್ರಿ, ಹಾಸಗಿ ಮ್ಯಾಲ ಬ್ಯಾಡ. ದಪ್ಪ ಕವರ್ ತಗೀರಿ, ಕವರಿನ್ಯಾಗ ಎಟಿಎಂ ಕಾರ್ಡು, ಚಿಲ್ಲರೆ, ಹಿಂದ ಹಚ್ಚಿದ ಕಬ್ಬಿಣದ ರಿಂಗು ಇದ್ರ ಅದನ್ನೂ ತಗೀರಿ. ಫೋನು ನಟ್ಟನಡುವ ಇರಬೇಕು, ಒಂಚೂರು ಸರದ್ರ ಚಾರ್ಜ್ ನಿಧಾನ ಆಗ್ತೈತಿ ಇಲ್ಲಾ ನಿಂತ ಬಿಡ್ತೈತಿ, ಚೀ2 ಅಂತ ಇದರ ಹೊಸ ನಮೂನಿ ಐತಿ, ಫೋನು ಪ್ಯಾಡು ಎರಡಕ್ಕೂ ಅದರ ಮ್ಯಾಗ್ನೆಟ್ ಇದ್ರ ತಾನ ಹಿಡ್ಕೋತೈತಿ.

15 ವ್ಯಾಟ್ ಪ್ಯಾಡಿಗೆ ಹಳೆ 5 ವ್ಯಾಟ್ ಅಡಾಪ್ಟರ್ ಹಾಕಿದ್ರ ಸ್ಪೀಡ್ ಬರೂದಿಲ್ಲ. ಕರೆಂಟ್ ಹೋಗಿ ಬಂದು ಮಾಡೂ ದಿನ ಮಾತ್ರ ಕೇಬಲ್ಲ ಹಚ್ಚ್ರಿ, ಲಗೂನ ತುಂಬತೈತಿ.