ಮಗುವಿನ ಹಟ, ತಾಯಿಯ ದಣಿವು: ಆಪ್ತಸಮಾಲೋಚಕಿಯಾಗಿ ನನ್ನ ಅನುಭವ

ಮಂಡ್ಯದಲ್ಲಿ ನನ್ನ ಬಳಿಗೆ ಆರು ವರ್ಷದೊಳಗಿನ ಮಕ್ಕಳನ್ನು ಕರೆತರುವವರು ಬಹುಪಾಲು ತಾಯಂದಿರು. ದೂರು ಹಟದ್ದು, ಹೊಡೆಯುವುದರದ್ದು, ಇಲ್ಲವೇ ಅಂಗನವಾಡಿಯಲ್ಲಿ ಬಿಟ್ಟರೆ ನಿಲ್ಲದ ಅಳುವಿನದು. ಮಗುವಿನ ವಿಷಯ ಕೇಳಿಯಾದ ಮೇಲೆ ತಾಯಿಯ ನಿದ್ದೆ, ಊಟ, ಸಿಟ್ಟು, ಆತಂಕಗಳನ್ನು ವಿಚಾರಿಸುವುದು ನನ್ನ ಪದ್ಧತಿ. ಪಕ್ಕದಲ್ಲಿ ಅತ್ತೆಯವರಿದ್ದರೆ "ಎಲ್ಲಾ ಚೆನ್ನಾಗಿದೆ" ಎಂಬ ಉತ್ತರವೇ ಬರುವುದರಿಂದ, ಮೊಮ್ಮಗನನ್ನು ಆಡಿಸುವ ನೆಪದಲ್ಲಿ ಅವರನ್ನು ಹೊರಗೆ ಕಳುಹಿಸಿದ ಮೇಲೆಯೇ ಈ ಮಾತು ಎತ್ತುತ್ತೇನೆ.

ತಾಯಿಯ ಮನಸ್ಥಿತಿಯನ್ನು ಮಕ್ಕಳು ಎಷ್ಟು ಬೇಗ ಗ್ರಹಿಸುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗ ತೋರಿಸಿಕೊಟ್ಟಿತು. ನಗುತ್ತ ಮಾತನಾಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಭಾವವಿಲ್ಲದ ಮುಖ ಮಾಡಿ ಕುಳಿತರೆ, ಕೆಲವೇ ತಿಂಗಳ ಕೂಸು ನಕ್ಕು, ಕೈ ಚಾಚಿ ಅವಳನ್ನು ಸೆಳೆಯಲು ನೋಡುತ್ತದೆ. ಆಗದಿದ್ದಾಗ ಮುಖ ತಿರುಗಿಸಿಕೊಳ್ಳುತ್ತದೆ. ನಾಲ್ಕು ವರ್ಷದ ಮಗುವಾದರೆ ಪಾತ್ರೆ ಎಸೆಯುತ್ತದೆ.

ಪಾಂಡವಪುರ ಕಡೆಯ ಒಬ್ಬ ತಾಯಿಗೆ, ಮಗ ರಂಪ ಮಾಡಿದಾಗಲೆಲ್ಲ ಅದಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ತಾನೇನು ಮಾಡಿದೆ ಎಂಬ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದ್ದೆ. ರಂಪವೆಲ್ಲ ಸಂಜೆ ಅಡುಗೆಯ ಹೊತ್ತಿನಲ್ಲೇ ಇತ್ತು. "ಬೆಳಗಿಂದ ಗದ್ದೆ ಕೆಲ್ಸ ಮೇಡಂ, ಒಲೆ ಮುಂದೆ ನಿಂತಾಗ ಸೆರಗು ಜಗ್ಗಿದ್ರೆ ತಲೆ ಕೆಟ್ಟೋಯ್ತದೆ" ಎಂದರು. ಮೊದಲು ಗದರುವುದು, ಅವನು ಇನ್ನಷ್ಟು ಕಿರುಚಿದಾಗ ಸೋತು ಮೊಬೈಲ್ ಕೊಡುವುದು: ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ವಿವರಿಸಿದ ಬಲವಂತದ ಸುಳಿ ಇದೇ. ಕಿರುಚಿದರೆ ಸಿಗುತ್ತದೆಂದು ಮಗುವಿಗೆ, ಕೊಟ್ಟರೆ ಸುಮ್ಮನಾಗುತ್ತದೆಂದು ತಾಯಿಗೆ ರೂಢಿಯಾಗಿಬಿಡುತ್ತದೆ.

ಇಡೀ ದಿನವನ್ನು ತಿದ್ದಲು ಹೋಗದೆ ಆ ಒಂದು ಹೊತ್ತನ್ನಷ್ಟೇ ಹಿಡಿದುಕೊಂಡೆವು. ಎಸರಿಡುವ ಮುಂಚೆ ಹತ್ತು ನಿಮಿಷ ಮಗನ ಜೊತೆ ಕೂರುವುದು, ಮುದ್ದೆ ಕಟ್ಟುವಾಗ ಆರಿದ ಒಂದು ಸಣ್ಣ ಉಂಡೆಯನ್ನು ಅವನ ಕೈಗೂ ಕೊಡುವುದು, ಕಿರುಚಿದ್ದಕ್ಕೆ ಮೊಬೈಲ್ ಕೊಡದಿರುವುದು. ಸಿಟ್ಟು ನೆತ್ತಿಗೇರಿದರೆ ಅವನನ್ನು ಅತ್ತೆಯವರಿಗೆ ಒಪ್ಪಿಸಿ ಜಗಲಿಗೆ ಹೋಗಿ ಬರಬೇಕೆಂದೂ ಹೇಳಿದೆ. ಮೊದಮೊದಲು ರಂಪ ಹೆಚ್ಚಾಗುತ್ತದೆಂದು ಮುಂಚೆಯೇ ತಿಳಿಸುವುದು ಅತ್ಯಗತ್ಯ, ಇಲ್ಲವಾದರೆ ಅಲ್ಲಿಗೇ ಕೈಬಿಡುತ್ತಾರೆ. ಇವರು ಬಿಡಲಿಲ್ಲ, ಕಿರುಚಾಟ ಪೂರ್ತಿ ನಿಲ್ಲದಿದ್ದರೂ ಬೇಗ ತಣಿಯತೊಡಗಿತು.

ಇಷ್ಟಕ್ಕೆ "ತಪ್ಪೆಲ್ಲ ಸೊಸೆಯದೇ" ಎಂದು ಮನೆಯವರು ತೀರ್ಮಾನಿಸಬಾರದೆಂಬುದು ನನ್ನ ಕಾಳಜಿ. ನ್ಯೂಯಾರ್ಕಿನಲ್ಲಿ 1956ರಲ್ಲಿ ಶುರುವಾದ ಮನೋವೈದ್ಯ ದಂಪತಿ ಥಾಮಸ್ ಮತ್ತು ಚೆಸ್ ಅವರ ದೀರ್ಘ ಅಧ್ಯಯನವು, ಕೂಸುಗಳ ಸ್ವಭಾವದಲ್ಲಿ ಮೊದಲ ತಿಂಗಳುಗಳಿಂದಲೇ ವ್ಯತ್ಯಾಸವಿರುವುದನ್ನು ದಾಖಲಿಸಿತು. ಸಮಾಧಾನಕ್ಕೆ ಸಿಗದ ಮಗು ತಾಯಿಯನ್ನು ದಣಿಸುತ್ತದೆ, ದಣಿದ ತಾಯಿ ಬೇಗ ಸಿಡುಕುತ್ತಾಳೆ; ಮೊದಲು ಯಾರಿಂದ ಎಂದು ಹುಡುಕುವುದು ವ್ಯರ್ಥ. ಇದನ್ನು ಗಂಡ ಮತ್ತು ಅತ್ತೆಯ ಎದುರಿನಲ್ಲೇ ಹೇಳುತ್ತೇನೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಖಿನ್ನತೆಯಲ್ಲಿರುವ ತಾಯಿಗೆ ಮಗುವಿನ ತಂಟೆ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಆದ್ದರಿಂದ ಮಗುವಿನ ನಡವಳಿಕೆ ಮತ್ತು ಭಾವನೆಗಳನ್ನು ಅಳೆಯಲು ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ 25 ಅಂಶಗಳ ಪ್ರಶ್ನಾವಳಿಯನ್ನು ತಾಯಿಗಷ್ಟೇ ಅಲ್ಲದೆ ಅಂಗನವಾಡಿ ಟೀಚರ್‌ಗೂ ಕೊಡುತ್ತೇನೆ. ಇಬ್ಬರ ಉತ್ತರಗಳು ತೀರಾ ಬೇರೆಯಾದರೆ, ಮಗುವಿಗಿಂತ ಮೊದಲು ತಾಯಿಯ ಆರೈಕೆಗೆ ಗಮನ ಕೊಡುತ್ತೇನೆ. ಹೆರಿಗೆಯಾಗಿ ಹೆಚ್ಚು ದಿನವಾಗಿರದ ತಾಯಿಯಾದರೆ ಬಾಣಂತಿಯರ ಖಿನ್ನತೆಯನ್ನು ಗುರುತಿಸುವ 1987ರ ಎಡಿನ್‌ಬರೋ ಮಾಪಕದ 10 ಪ್ರಶ್ನೆಗಳನ್ನೂ ಕೇಳುತ್ತೇನೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಅದಕ್ಕೆ "ಒಮ್ಮೊಮ್ಮೆ" ಎಂಬ ಉತ್ತರ ಬಂದರೂ ಅದೇ ದಿನ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ, ಮತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಗಂಡನ ಮೊಬೈಲಿನಲ್ಲೂ ಸೇವ್ ಮಾಡಿಸುತ್ತೇನೆ.